ಅಡ್ಡ ಇಟ್ಟ ಸೌಟು

ಬುಧವಾರ, ಮಾರ್ಚ್ ೪, ಮಧ್ಯಾಹ್ನ

ನಮ್ಮ ಮನೆಯ ಸೊಸೆಗೆ,

ನೀನು ಹಠ ಹಿಡಿದು ಕಳಿಸಿದ ಈ ತಿಂಡಿ-ಊಟದ ಪ್ರವಾಸಕ್ಕೆ ಬಂದು ತಲುಪಿದೆ. ಸೊಂಟ, ಮಂಡಿ, ಚೀಲ ಮೂರೂ ಜೊತೆಯಲ್ಲೇ ತಲುಪಿವೆ. ಫೋನ್ ಮಾಡಬಹುದಿತ್ತಲ್ಲ ಎಂದು ನಿನ್ನ ಗಂಡ ಗೊಣಗುತ್ತಾನೆ, ಗೊತ್ತು. ಫೋನಿನಲ್ಲಾದರೆ ನೀನು ಒಂದು ಕಿವಿ ನನಗೆ ಕೊಟ್ಟು ಇನ್ನೊಂದನ್ನು ಕುಕ್ಕರಿಗೆ ಕೊಡುತ್ತೀಯ. ಪತ್ರವಾದರೆ ಕೈ ಒರೆಸಿಕೊಂಡು ಕೂತು ಓದಲೇಬೇಕು. ನಮ್ಮ ಹೋಟೆಲಿಗೆ ದಿನಾ ತಿಂಡಿಗೆ ಬರುವ ಡ್ರೈವರಣ್ಣನ ಬಸ್ಸು ಬೆಳಿಗ್ಗೆ ಅಲ್ಲಿಂದ ಹೊರಟು ಮಧ್ಯಾಹ್ನ ಇಲ್ಲಿಗೆ ಬರುತ್ತದೆ, ಸಂಜೆ ಮತ್ತೆ ತಿರುಗಿ ಹೋಗುತ್ತದೆ. ಹಾಗಾಗಿ ಅವನೇ ನಮ್ಮ ಅಂಚೆಯವನು.

ಊರು ಬಹಳ ಹಳೆಯದು. ಸುತ್ತ ಕೋಟೆಗೋಡೆ, ಒಳಗೆಲ್ಲ ಕಲ್ಲು ಹಾಸಿದ ಬೀದಿ. ಎಷ್ಟು ಜನ ನಡೆದು ಹೋಗಿದ್ದಾರೋ ಏನೋ, ಕಲ್ಲು ನಡುವೆ ತಗ್ಗಾಗಿದೆ. ನಮ್ಮನ್ನು ಇಳಿಸಿರುವುದು ಕೋಟೆಬಾಗಿಲ ಪಕ್ಕದ ಮಹಡಿ ಮನೆಯಲ್ಲಿ. ಒಡತಿ ಹೆಚ್ಚುಕಮ್ಮಿ ನನ್ನ ವಯಸ್ಸಿನವಳು. ಅಡುಗೆಯೂ ಅವಳದೇ, ಬಡಿಸುವುದೂ ಅವಳೇ. ಊರು ತೋರಿಸಲು ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರಿದ್ದಾರೆ. ತಿನ್ನುವುದು, ನಡೆಯುವುದು, ಮತ್ತೆ ತಿನ್ನುವುದು, ಭಾನುವಾರದವರೆಗೆ ಇಷ್ಟೇ ಕಾರ್ಯಕ್ರಮ. ಮೇಷ್ಟ್ರು ಒಂದೊಂದು ತುತ್ತಿಗೂ ಒಬ್ಬೊಬ್ಬ ರಾಜನ ಕಥೆ ಹೇಳುತ್ತಾರೆ. ಇವತ್ತು ಊಟ ಮುಗಿಯುವಷ್ಟರಲ್ಲಿ ಒಂದು ವಂಶವೇ ನಾಶವಾಯಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿದೆ. ಅವರು ಫೋಟೊ ತೆಗೆಯದೆ ಒಂದು ಅಗುಳನ್ನೂ ಬಾಯಿಗಿಡುವುದಿಲ್ಲ.

ಈಗ ಕೆಲಸದ ಮಾತು. ಉಪ್ಪು. ನಮ್ಮ ಅಡುಗೆಮನೆಯ ಪದ್ಧತಿ ನಿನಗೆ ಹೊಸದಲ್ಲ. ಉಪ್ಪು ಹಾಕಿದ ಪಾತ್ರೆಯ ಮುಚ್ಚಳದ ಮೇಲೆ ಸೌಟು ಅಡ್ಡ ಇಡಬೇಕು. ಸೌಟಿಲ್ಲದ ಪಾತ್ರೆ ಅಂದರೆ ಉಪ್ಪಿಲ್ಲದ ಪಾತ್ರೆ. ಸೌಟು ಬಿದ್ದ ಮೇಲೆ ಯಾರೂ ಉಪ್ಪಿನ ಡಬ್ಬಿ ಮುಟ್ಟಬಾರದು. ನೀನು ಬಂದ ಮೊದಲ ವಾರ ಬಿಟ್ಟರೆ ಇಷ್ಟು ವರ್ಷವೂ ಆ ಸೌಟು ಇಟ್ಟವಳು ನಾನೊಬ್ಬಳೇ. ನಾನು ಬರುವವರೆಗೆ ನಿನ್ನ ಗಂಡನ ಕೈಯಿಂದ ಹಾಕಿಸು, ನೀನು ಹಾಕಬೇಡ. ಯಾಕೆ ಎಂದು ಕೇಳಲೂಬೇಡ.

ಇನ್ನೊಂದು ಮಾತು. ನಮ್ಮಲ್ಲಿ ಊಟಕ್ಕೆ ಬರುವ ಟೈಲರಿಗೆ ಬಿಪಿ ಎಂದು ನೀನು ದಿನಾ ಪಕ್ಕದ ಒಲೆಯಲ್ಲಿ ಉಪ್ಪಿಲ್ಲದ ಬೇಳೆ ಬೇರೆ ಬೇಯಿಸುತ್ತೀಯಲ್ಲ, ಅದು ಗ್ಯಾಸಿಗೆ ದಂಡ. ಬಿಪಿ ಇದ್ದವನು ಮನೆಯಲ್ಲಿ ಹೆಂಡತಿ ಕೈಯ ಊಟ ಮಾಡಲಿ.

ಅತ್ತೆ

—

ಗುರುವಾರ, ಮಾರ್ಚ್ ೫, ಬೆಳಿಗ್ಗೆ

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಕೈ ಒರೆಸಿಕೊಂಡೇ ಓದಿದೆ. ನೀವು ಹೇಳಿದ ಹಾಗೆ ನಿಮ್ಮ ಮಗನೇ ಉಪ್ಪು ಹಾಕಿದರು. ಡಬ್ಬಿ ಹಿಡಿದು ನಿಂತ ಭಂಗಿಯನ್ನು ನೀವು ನೋಡಬೇಕಿತ್ತು. ನಮ್ಮ ಮದುವೆಯ ದಿನವೂ ಅವರು ಅಷ್ಟು ಹೆದರಿರಲಿಲ್ಲ. "ಇಷ್ಟು ಸಾಕೇನೇ? ಇನ್ನೂ ಬೇಕಾ?" ಎಂದು ಕೇಳುತ್ತಾರೆ, ನಾನು ಕಣ್ಣಲ್ಲೇ ಹೇಳುತ್ತೇನೆ. ಆಮೇಲೆ ಸೌಟನ್ನು ಅಡ್ಡ ಇಟ್ಟು, ಯುದ್ಧ ಗೆದ್ದು ಬಂದವರ ಹಾಗೆ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ಕೂರುತ್ತಾರೆ. ಊಟ ಚೆನ್ನಾಗಿತ್ತು ಎಂದು ಯಾರಾದರೂ ಅಂದರೆ, "ಇವತ್ತು ಉಪ್ಪು ನಂದು" ಅನ್ನುತ್ತಾರೆ.

ಟೈಲರ ಬೇಳೆಯ ಚಿಂತೆ ಬಿಡಿ. ನೀವು ಹೋದ ಮೇಲೆ ಆ ಸಣ್ಣ ಪಾತ್ರೆ ಒಲೆಗೆ ಏರಿಯೇ ಇಲ್ಲ. ಗ್ಯಾಸು ಉಳಿಯುತ್ತಿದೆ.

ನನ್ನದೊಂದು ಕೋರಿಕೆ. ಅಲ್ಲಿಯ ಅಡುಗೆಮನೆಗೆ ದಯವಿಟ್ಟು ಹೋಗಬೇಡಿ. ಈರುಳ್ಳಿ ಹೆಚ್ಚುವ ಸದ್ದು ಕೇಳಿದರೆ ನಿಮ್ಮ ಕಾಲು ತಾನಾಗಿ ಆ ಕಡೆ ತಿರುಗುತ್ತದೆ ಎಂದು ನನಗೆ ಗೊತ್ತು. ಕೂತು ತಿನ್ನಿ. ಏನೇನು ತಿಂದಿರಿ, ಹೇಗಿತ್ತು, ಎಲ್ಲ ಬರೆಯಿರಿ.

ನಿಮ್ಮ ಸೊಸೆ

—

ಗುರುವಾರ, ಮಾರ್ಚ್ ೫, ಮಧ್ಯಾಹ್ನ

ನಮ್ಮ ಮನೆಯ ಸೊಸೆಗೆ,

ಬರೆಯಿರಿ ಅಂದೆಯಲ್ಲ, ಬರೆಯುತ್ತೇನೆ. ಬೆಳಿಗ್ಗೆ ಕೋಟೆಗೋಡೆಯ ಕಮಾನಿನೊಳಗಿರುವ ಬೇಕರಿಗೆ ಕರೆದುಕೊಂಡು ಹೋದರು. ಹಿಂದೆ ಅದು ಕುದುರೆಲಾಯವಾಗಿತ್ತಂತೆ. ಬೇಕರಿಯವನು ಬ್ರೆಡ್ಡನ್ನು ಒಲೆಯಿಂದ ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು, "ಕೇಳಿಸ್ಕೊಳ್ಳಿ ಅಮ್ಮಾ" ಅಂದ. ಚಟಪಟ ಎಂದು ಸಣ್ಣಗೆ ಸದ್ದು ಮಾಡುತ್ತಿತ್ತು, ಆರುವಾಗ ಮೇಲ್ಪದರ ಬಿರುಕು ಬಿಡುವ ಸದ್ದಂತೆ. ನಾನು ಸದ್ದು ನಿಲ್ಲುವವರೆಗೂ ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಸಂತೆಕಟ್ಟೆ. ಟೊಮೆಟೊ ನೋಡಿದರೆ ದೃಷ್ಟಿ ತಾಗುವಂತಿತ್ತು. ಮಧ್ಯಾಹ್ನ ಹುರಿದ ಮೀನು, ಅಂಚೆಲ್ಲ ಕೆಂಪಗೆ ಗರಿಗರಿ. ಸೂಪಿನ ಹಬೆಗೆ ಮೇಷ್ಟ್ರ ಕನ್ನಡಕ ಮಸುಕಾಗಿ, ಅವರು ರಾಜನನ್ನು ಅರ್ಧದಲ್ಲೇ ಬಿಟ್ಟು ಒರೆಸಿಕೊಂಡರು. ರುಚಿ ಏನು ಹೇಳಲಿ, ಎಲ್ಲ ಚೆನ್ನಾಗಿತ್ತು.

ಒಂದು ವಿಷಯ ಮಾತ್ರ ನನಗೆ ಒಗ್ಗುತ್ತಿಲ್ಲ. ಒಡತಿ ತಟ್ಟೆ ತಂದು ನನ್ನ ಮುಂದೆ ಇಟ್ಟ ಕೂಡಲೇ ನಾನು ಎದ್ದು ನಿಲ್ಲುತ್ತೇನೆ. ನಿನ್ನೆ ಹೀಗೇ ಆಯಿತು, ಇವತ್ತೂ ಆಯಿತು. ಅವಳು ಹೆಗಲ ಮೇಲೆ ಕೈಯಿಟ್ಟು, "ಕೂತ್ಕೊಳ್ಳಿ, ನಿಮಗೇ ತಂದಿದ್ದು" ಅಂದಳು. ನಮ್ಮ ಹೋಟೆಲಿನಲ್ಲಿ ಎಲ್ಲರದೂ ಮುಗಿದ ಮೇಲೆ ಒಲೆ ಪಕ್ಕ ನಿಂತು ತಿಂದವಳು ನಾನು. ಮುಂದೆ ಊಟದ ಹಾಲ್‌ನಲ್ಲಿರುವ ಕುರ್ಚಿ ಮೆತ್ತಗಿದೆಯೋ ಗಟ್ಟಿಯಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೂತು ಉಣ್ಣುವುದೂ ಒಂದು ವಿದ್ಯೆ ಕಣೇ, ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ. ಕಳಿಸಿದ್ದಕ್ಕೆ ಮನಸ್ಸಿನಲ್ಲಿ ನಿನ್ನನ್ನು ಬೈಯುತ್ತಿಲ್ಲ, ಅಷ್ಟಂತೂ ಹೇಳುತ್ತೇನೆ.

ಅತ್ತೆ

—

ಶುಕ್ರವಾರ, ಮಾರ್ಚ್ ೬, ಬೆಳಿಗ್ಗೆ

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ನಿಮ್ಮ ಮಗನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರ ಬಾಯಲ್ಲಿ ನೀರೂರಿ, ಆಗಷ್ಟೇ ಊಟ ಮಾಡಿದವರು ಇನ್ನೊಮ್ಮೆ ತಟ್ಟೆ ಹಾಕಿಕೊಂಡರು. ನಾನು ಮಾತ್ರ ಪತ್ರವನ್ನು ಮತ್ತೆ ಓದಿದೆ. ಬ್ರೆಡ್ಡಿನ ಸದ್ದು ಬರೆದಿದ್ದೀರಿ, ಮೀನಿನ ಬಣ್ಣ ಬರೆದಿದ್ದೀರಿ, ಸೂಪಿನ ಹಬೆ ಬರೆದಿದ್ದೀರಿ. ಉಪ್ಪು ಹೇಗಿತ್ತು ಎಂದು ನೀವು ಬರೆಯದೇ ಇರುವುದು ಇದೇ ಮೊದಲು. ಇರಲಿ, ಸುಮ್ಮನೆ ಹೇಳಿದೆ.

ಕೇಳಬೇಡ ಅಂದಿದ್ದೀರಿ. ಆದರೂ ಕೇಳುತ್ತಿದ್ದೇನೆ, ಎದುರಿಗಿದ್ದರೆ ಧೈರ್ಯ ಬರುತ್ತಿರಲಿಲ್ಲ. ನನ್ನ ಕೈಯ ಉಪ್ಪಿನ ಮೇಲೆ ನಿಮಗೆ ಇನ್ನೂ ನಂಬಿಕೆ ಬಂದಿಲ್ಲವೇ? ನಾನು ಮದುವೆಯಾಗಿ ಬಂದ ಮೊದಲ ವಾರ ಆ ದೊಡ್ಡ ಪಾತ್ರೆಯನ್ನು ಕೆಡಿಸಿದ್ದು ನನಗೆ ನೆನಪಿದೆ. ಉಪ್ಪು ಹಾಕಿ, ಸೌಟು ಇಡುವುದನ್ನು ಮರೆತು, ಹಾಕಿಲ್ಲ ಎಂದುಕೊಂಡು ಇನ್ನೊಮ್ಮೆ ಹಾಕಿಬಿಟ್ಟೆ. ಊಟದ ಹಾಲ್‌ನಲ್ಲಿ ಎಲ್ಲರೂ ಕೈ ನಿಲ್ಲಿಸಿದರು. ನಾನು ಬಾಗಿಲ ಹಿಂದೆ ನಡುಗುತ್ತಿದ್ದೆ. ನೀವು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋಗಿ, "ಇವತ್ತು ನನ್ನ ಕೈ ತಪ್ಪಿತು" ಅಂದಿರಿ. ಒಳಗೆ ಬಂದು ನನ್ನನ್ನು ಬೈಯಲೂ ಇಲ್ಲ. ಆ ಋಣ ನನಗೆ ಯಾವತ್ತೂ ಮರೆತಿಲ್ಲ. ಆದರೆ ಮಾರನೆಯ ದಿನದಿಂದ ಉಪ್ಪಿನ ಡಬ್ಬಿ ನಿಮ್ಮ ಕಡೆಯ ಶೆಲ್ಫಿಗೆ ಹೋಯಿತು. ಅದು ಇವತ್ತಿಗೂ ಅಲ್ಲೇ ಇದೆ. ಈಗ ನೀವು ಊರಲ್ಲಿಲ್ಲದಾಗಲೂ ಗಲ್ಲಾಪೆಟ್ಟಿಗೆ ಬಿಟ್ಟು ಏನೂ ಗೊತ್ತಿಲ್ಲದ ಇವರಿಗೆ ಆ ಡಬ್ಬಿ ಸಿಕ್ಕಿತು, ನನಗೆ ಸಿಗಲಿಲ್ಲ. ಸ್ವಲ್ಪ ನೋವಾಯಿತು ಅತ್ತೆ. ಕೋಪ ಮಾಡಿಕೊಳ್ಳಬೇಡಿ.

ನಿಮ್ಮ ಸೊಸೆ

—

ಶುಕ್ರವಾರ, ಮಾರ್ಚ್ ೬, ಸಂಜೆ

ಸೊಸೆಗೆ,

ಇವತ್ತು ಬರೆಯಲು ಹೆಚ್ಚೇನೂ ಇಲ್ಲ. ಬಿಸಿಲು ಜೋರು. ಊಟ ತಡವಾಯಿತು. ನಾಳೆಯೇ ಹೊರಟು ಬಂದುಬಿಡೋಣ ಅನ್ನಿಸುತ್ತಿದೆ. ನೀನು ಕೇಳಿದ್ದಕ್ಕೆ ಮನೆಗೆ ಬಂದ ಮೇಲೆ ಉತ್ತರ ಹೇಳುತ್ತೇನೆ.

ಡ್ರೈವರಣ್ಣ ಇವತ್ತು ಇಲ್ಲೇ ಊಟಕ್ಕೆ ಕೂತಿದ್ದ. ಅವನು ಏನಾದರೂ ಹೇಳಿದರೆ ನಂಬಬೇಡ. ಅವನದು ಎಲ್ಲಕ್ಕೂ ಒಂದಕ್ಕೆರಡು ಸೇರಿಸುವ ಬಾಯಿ.

ಅತ್ತೆ

—

ಶನಿವಾರ, ಮಾರ್ಚ್ ೭, ಬೆಳಿಗ್ಗೆ

ಅತ್ತೆಯವರಿಗೆ ನಮಸ್ಕಾರ.

ಡ್ರೈವರಣ್ಣ ಏನೂ ಹೇಳಲಿಲ್ಲ. ಪತ್ರ ಕೊಟ್ಟು, ಚೊಂಬುಗಟ್ಟಲೆ ನೀರು ಕುಡಿದು ಹೋದರು.

ನಿನ್ನೆ ನಾನು ಹಾಗೆಲ್ಲ ಬರೆಯಬಾರದಿತ್ತು. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಬೇಗ ಹೊರಟುಬರಬೇಡಿ. ಭಾನುವಾರ ಸಂಜೆಯವರೆಗೆ ಇರಿ. ಒಂದು ಪಾತ್ರೆ ಕೆಟ್ಟರೆ ಏನು ಗಂಟು ಹೋಯಿತು? ಬೇರೆ ಪಾತ್ರೆ ಇಟ್ಟರಾಯಿತು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮೊಮ್ಮಗಳು ನಿಮ್ಮ ಹಾಸಿಗೆಯಲ್ಲೇ ಮಲಗುತ್ತಾಳೆ, ನಿಮ್ಮ ದಿಂಬು ಬೇರೆ ಯಾರೂ ಮುಟ್ಟಬಾರದಂತೆ.

ನಿಮ್ಮ ಸೊಸೆ

—

ಶನಿವಾರ, ಮಾರ್ಚ್ ೭, ಮಧ್ಯಾಹ್ನ

ನನ್ನ ಸೊಸೆಗೆ,

ಎಲಾ ಕಳ್ಳಿ. ಪಾತ್ರೆ ಕೆಟ್ಟಿತು ಎಂದು ನಾನು ಎಲ್ಲಿ ಬರೆದಿದ್ದೆ? ಊಟ ತಡವಾಯಿತು ಎಂದಷ್ಟೇ ಬರೆದಿದ್ದೆ. ಡ್ರೈವರಣ್ಣ ಏನೂ ಹೇಳಲಿಲ್ಲವಂತೆ! ಇರಲಿ, ನಡೆದದ್ದನ್ನು ನನ್ನ ಬಾಯಿಂದಲೇ ಕೇಳು.

ನಿನ್ನೆ ಎಲ್ಲರೂ ಕೋಟೆಯ ಬುರುಜು ಹತ್ತಲು ಹೋದರು. ನನ್ನ ಮಂಡಿ ಒಪ್ಪಲಿಲ್ಲ, ಮನೆಗೆ ತಿರುಗಿ ಬಂದೆ. ಒಡತಿ ಸೊಪ್ಪು ತರಲು ಹೋಗಿದ್ದಳು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಮುಚ್ಚಳದ ಮೇಲೆ ಸೌಟಿರಲಿಲ್ಲ. ಅಯ್ಯೋ, ಪಾಪ, ಉಪ್ಪು ಹಾಕುವುದನ್ನೇ ಮರೆತಿದ್ದಾಳೆ ಎಂದುಕೊಂಡೆ. ಸೌಟಿನ ನಿಯಮ ನಮ್ಮ ಮನೆಯದು, ಊರಿನವರದಲ್ಲ ಎಂಬುದು ಆಗ ತಲೆಗೇ ಹೊಳೆಯಲಿಲ್ಲ. ಅಭ್ಯಾಸಕ್ಕೆ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿದೆ. ಏನೂ ತಿಳಿಯಲಿಲ್ಲ. ಒಂದು ಹಿಡಿ ಉಪ್ಪು ಹಾಕಿ, ತಿರುವಿ, ಸೌಟನ್ನು ಅಡ್ಡ ಇಟ್ಟು ಬಂದು ಕೂತೆ.

ಊಟಕ್ಕೆ ಕೂತಾಗ ಮೇಷ್ಟ್ರು ರಾಜನ ಪಟ್ಟಾಭಿಷೇಕ ಶುರುಮಾಡಿದ್ದರು. ಒಂದು ತುತ್ತು ಬಾಯಿಗಿಟ್ಟರು, ರಾಜ ಅಲ್ಲೇ ನಿಂತುಹೋದ. ಮದುಮಗ ಹೆಂಡತಿಯ ಲೋಟದ ನೀರನ್ನೂ ಕುಡಿದ. ಡ್ರೈವರಣ್ಣ ಚಾವಣಿ ನೋಡತೊಡಗಿದ. ನಾನು ಏನು ಮಾಡಿದೆ ಗೊತ್ತೇ? ತಟ್ಟೆ ಖಾಲಿ ಮಾಡಿ, "ಬಹಳ ಚೆನ್ನಾಗಿದೆ, ಇನ್ನೊಂದು ಸೌಟು ಹಾಕಿ" ಅಂದೆ. ಎಲ್ಲರೂ ನನ್ನ ಮುಖ ನೋಡಿದರು. ಒಡತಿ ನನ್ನನ್ನು ನೋಡಿದಳು, ಒಳಗೆ ಪಾತ್ರೆಯ ಮೇಲಿದ್ದ ಸೌಟನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಇವತ್ತು ನನ್ನ ಕೈ ತಪ್ತು, ತಪ್ಪು ತಿಳೀಬೇಡಿ, ಈಗಲೇ ಬೇರೆ ಮಾಡ್ತೀನಿ" ಅಂದಳು.

ನನ್ನದೇ ಮಾತನ್ನು ಇನ್ನೊಬ್ಬರು ನನಗಾಗಿ ಆಡಿದ್ದು ಕೇಳಿ ತಟ್ಟೆ ಬಿಟ್ಟು ಎದ್ದೆ. ಅವಳ ಹಿಂದೆಯೇ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ, ಯಾರಿಗೂ ಹೇಳದಿದ್ದದ್ದನ್ನು ಅವಳಿಗೆ ಹೇಳಿದೆ. ಚಳಿಗಾಲದಲ್ಲಿ ಆ ಜ್ವರ ಬಂದು ಹೋದ ಮೇಲೆ ನನ್ನ ನಾಲಿಗೆಗೆ ಏನೂ ತಿಳಿಯುತ್ತಿಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ಖಾರ ಅಂದರೆ ಬರೀ ಉರಿ. ಇಷ್ಟು ದಿನ ಕೈಯಳತೆಯಲ್ಲಿ ಅಡುಗೆ ಮಾಡಿದೆ. ಅದು ತಿಳಿದರೆ ನೀವೆಲ್ಲ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಮೂಲೆಗೆ ಕೂರಿಸುತ್ತೀರಿ ಎಂಬ ಹೆದರಿಕೆ. ಒಲೆ ಬಿಟ್ಟರೆ ನನಗೇನಿದೆ? ಒಡತಿ ಪೂರ್ತಿ ಕೇಳಿ, "ನಾಲಿಗೆ ಹೋದ್ರೆ ಹೋಗ್ಲಿ ಬಿಡಿ, ಕೈ ಇದೆಯಲ್ಲ. ಈರುಳ್ಳಿ ಹೆಚ್ಚಿಕೊಡಿ, ಉಪ್ಪು ನಾನು ನೋಡ್ಕೊತೀನಿ" ಅಂದಳು. ಇಬ್ಬರೂ ಸೇರಿ ಮತ್ತೆ ಅಡುಗೆ ಮಾಡಿದೆವು. ಅವಳು ನನ್ನನ್ನು ಮೂಲೆಗೆ ಕೂರಿಸಲಿಲ್ಲ. ನಾನು ಹೆಚ್ಚಿದ ಈರುಳ್ಳಿಯನ್ನು ಮದುಮಗಳು ಫೋಟೊ ತೆಗೆದಳು.

ಹಾಸಿಗೆಗೆ ಒರಗಿದಾಗ ಒಂದು ಪ್ರಶ್ನೆ ಕಾಡಿತು. ಇಲ್ಲಿ ಒಂದೇ ಊಟಕ್ಕೆ ನನ್ನ ಬಂಡವಾಳ ಬಯಲಾಯಿತು. ಹಾಗಿದ್ದರೆ ನಮ್ಮ ಹೋಟೆಲಿನಲ್ಲಿ ಇಷ್ಟು ದಿನ ಯಾರೂ ಯಾಕೆ ಒಂದು ಮಾತೂ ಆಡಲಿಲ್ಲ? ಕೈಯಳತೆ ಅಷ್ಟು ಸರಿಯಿರಲು ನಾನೇನು ತಕ್ಕಡಿಯೇ? ಆಗ ನಿನ್ನ ಆ ಸಣ್ಣ ಪಾತ್ರೆ ನೆನಪಾಯಿತು. ಇವತ್ತು ಡ್ರೈವರಣ್ಣ ನಿನ್ನ ಪತ್ರ ತಂದಾಗ ಕೇಳಿದೆ, "ನಮ್ಮ ಟೈಲರಿಗೆ ಬಿಪಿ ಹೇಗಿದೆಯಪ್ಪಾ?" ಎಂದು. ಅವನು ಬಿದ್ದುಬಿದ್ದು ನಕ್ಕ. "ಯಾವ ಬಿಪಿ ಅಮ್ಮಾ? ಅವನು ಅನ್ನಕ್ಕಿಂತ ಮೊದ್ಲು ಉಪ್ಪಿನಕಾಯಿ ಕೇಳೋ ಆಸಾಮಿ!"

ಆಗ ಎಲ್ಲ ಅರ್ಥವಾಯಿತು ಮಗಳೇ. ನಾನು ಉಪ್ಪು ಹೆಚ್ಚು ಸುರಿದ ದಿನ ಬಡಿಸುವ ಮೊದಲು ನೀನು ಆ ಸಣ್ಣ ಪಾತ್ರೆಯ ಬೇಳೆಯನ್ನು ಬೆರೆಸುತ್ತಿದ್ದೆ. ನಾನು ಊರಲ್ಲಿಲ್ಲದಿದ್ದರೆ ಅದು ಒಲೆಗೇ ಏರುವುದಿಲ್ಲ. ನಾನು ಗ್ಯಾಸು ದಂಡ ಎಂದು ಬೈದಾಗಲೂ ನೀನು ತುಟಿ ಬಿಚ್ಚಲಿಲ್ಲ. ಇಲ್ಲದ ಬಿಪಿಯನ್ನು ಪಾಪದ ಟೈಲರಿಗೆ ಅಂಟಿಸಿ ನನ್ನ ಮರ್ಯಾದೆ ಉಳಿಸಿದೆ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಆವತ್ತು ನಾನು ಡಬ್ಬಿಯನ್ನು ನನ್ನ ಶೆಲ್ಫಿಗೆ ಎತ್ತಿಟ್ಟಿದ್ದು ನಿನ್ನ ಕೈ ನಂಬದೆ ಅಲ್ಲ. ನೀನು ಬಾಗಿಲ ಹಿಂದೆ ನಡುಗಿದ್ದನ್ನು ನೋಡಿದ್ದೆ. ಉಪ್ಪು ನನ್ನದು ಎಂದಾದರೆ ಬೈಗುಳವೂ ನನ್ನದೇ ಆಗುತ್ತದೆ, ಹುಡುಗಿ ಮತ್ತೆ ಹಾಗೆ ನಡುಗುವುದು ಬೇಡ ಅನ್ನಿಸಿತು. ಈಗ ನಿನ್ನ ಗಂಡನಿಗೆ ಹಾಕಿಸು ಅಂದದ್ದೂ ಅದಕ್ಕೇ. ಹೆಚ್ಚುಕಮ್ಮಿಯಾದರೆ ಅವನು ಬೈಸಿಕೊಳ್ಳಲಿ, ಅವನಿಗೆ ಚಿಕ್ಕಂದಿನಿಂದ ಅಭ್ಯಾಸವಿದೆ. ನೀನು ಅದನ್ನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು ನೊಂದೆ ಎಂದು ನನಗೆ ತಿಳಿಯಲೇ ಇಲ್ಲ. ಕೇಳಿದ್ದು ಒಳ್ಳೆಯದಾಯಿತು.

ಅತ್ತೆಯಾದವಳು ಸೊಸೆಗೆ ಕೃತಜ್ಞತೆ ಹೇಳುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಇವತ್ತಿನಿಂದ ಇದೆ. ನಿನ್ನಿಂದ ನನಗೆ ಉಪಕಾರವಾಗಿದೆ, ಬಹಳ ದೊಡ್ಡ ಉಪಕಾರ. ನಾಳೆ ಸಂಜೆಯ ಬಸ್ಸಿಗೆ ಬರುತ್ತೇನೆ. ಬಂದ ವಾರವೇ ಇಬ್ಬರೂ ಡಾಕ್ಟರ ಹತ್ತಿರ ಹೋಗೋಣ. ಅಷ್ಟರೊಳಗೆ ಒಂದು ಕೆಲಸ ಮಾಡು. ನನ್ನ ಶೆಲ್ಫಿನಿಂದ ಡಬ್ಬಿ ತೆಗೆದುಕೊಂಡು ಉಪ್ಪು ಹಾಕಿ, ಸೌಟನ್ನು ನೀನೇ ಅಡ್ಡ ಇಡು. ಈರುಳ್ಳಿ ಹೆಚ್ಚುವ ಕೆಲಸ ಮಾತ್ರ ನನಗೆ ಬಿಡು.

ನಿನ್ನ ಅತ್ತೆ

—

ಭಾನುವಾರ, ಮಾರ್ಚ್ ೮, ಬೆಳಿಗ್ಗೆ

ಪ್ರೀತಿಯ ಅತ್ತೆಗೆ,

ನಿಮ್ಮ ಪತ್ರ ಓದಿ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ನಿಮ್ಮ ಮಗ ಓಡಿಬಂದು, "ಏನಾಯ್ತೇ?" ಅಂದರು. "ಈರುಳ್ಳಿ" ಅಂದೆ. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು, ಅವರು ಗಮನಿಸಲಿಲ್ಲ.

ನೀವು ಊಹಿಸಿದ್ದು ಸರಿ. ಒಂದು ದಿನ ಬೇಳೆ ಬಾಯಿಗಿಡಲಾರದಷ್ಟು ಉಪ್ಪಾಗಿತ್ತು, ನೀವು ಅಂಗೈ ನೆಕ್ಕಿ "ಸರಿಯಾಗಿದೆ" ಅಂದಿರಿ. ಆವತ್ತೇ ತಿಳಿಯಿತು. ಹೆಚ್ಚಾದ ದಿನ ಸಣ್ಣ ಪಾತ್ರೆಯ ಬೇಳೆ ಬೆರೆಸುತ್ತಿದ್ದೆ, ಕಮ್ಮಿಯಾದ ದಿನ ಬಡಿಸುವ ಬಕೆಟ್ಟಿಗೆ ಉಪ್ಪುನೀರು ಹಾಕುತ್ತಿದ್ದೆ. ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬರಲಿಲ್ಲ. ಟೈಲರಿಗೆ ನಿನ್ನೆ ರಾತ್ರಿಯೇ ಎಲ್ಲ ಹೇಳಿ ಕ್ಷಮೆ ಕೇಳಿದೆ. "ಬಿಪಿ ಇರ್ಲಿ ಬಿಡಮ್ಮ, ಆ ನೆಪದಲ್ಲಿ ಹೆಂಡ್ತಿ ಸ್ವಲ್ಪ ಹೆದರ್ಕೊಂಡಿದ್ದಾಳೆ" ಅಂದರು.

ನಾಲಿಗೆಗೆ ಏನೂ ತಿಳಿಯುವುದಿಲ್ಲ ಎಂದು ಗೊತ್ತಿದ್ದೂ ತಿನ್ನುವ ಊರಿಗೆ ಯಾಕೆ ಕಳಿಸಿದೆ ಎಂದು ನೀವು ಕೇಳಿಲ್ಲ. ನಾನೇ ಹೇಳುತ್ತೇನೆ. ನಿಮಗೆ ರುಚಿ ಸಿಗಲಿ ಎಂದು ಕಳಿಸಲಿಲ್ಲ ಅತ್ತೆ. ಯಾರಾದರೂ ನಿಮ್ಮನ್ನು ಕೂರಿಸಿ ಬಡಿಸಲಿ ಎಂದು ಕಳಿಸಿದೆ. ಇಲ್ಲಿ ನಾನು ಬಡಿಸಿದರೆ ನೀವು ಕೂರುವುದಿಲ್ಲ. ನಿಮ್ಮನ್ನು ಕೂರಿಸಿದ ಆ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅವರ ಈರುಳ್ಳಿ ಪೂರ್ತಿ ಹೆಚ್ಚಿಕೊಟ್ಟು ಬನ್ನಿ.

ರಾತ್ರಿ ಬಸ್ಸಿಳಿದು ಹಿತ್ತಲ ಬಾಗಿಲಿಗೆ ಹೋಗಬೇಡಿ. ಮುಂದಿನ ಬಾಗಿಲಿನಿಂದ ಬನ್ನಿ. ಕಿಟಕಿ ಪಕ್ಕದ ಮೇಜನ್ನು ನಿಮ್ಮ ಮೊಮ್ಮಗಳು ಆಗಲೇ ಒರೆಸಿಟ್ಟಿದ್ದಾಳೆ, ಅಲ್ಲಿಗೆ ಯಾರನ್ನೂ ಕೂರಲು ಬಿಡುತ್ತಿಲ್ಲ. ಕುರ್ಚಿ ಗಟ್ಟಿಯಿದೆ, ದಿಂಬು ಹಾಕಿಸಿದ್ದೇನೆ. ಈರುಳ್ಳಿ ನಾಳೆಯಿಂದ ನಿಮ್ಮದು. ಇವತ್ತು ನೀವು ಕೂತು ಊಟ ಮಾಡಬೇಕು.

ಬೆಳಗಿನ ದೊಡ್ಡ ಪಾತ್ರೆ ಈಗ ತಾನೇ ಕುದಿಯಿತು. ನಿಮ್ಮ ಶೆಲ್ಫಿನಿಂದ ಡಬ್ಬಿ ತೆಗೆದು ಉಪ್ಪು ಹಾಕಿದೆ, ಸೌಟು ಅಡ್ಡ ಇಟ್ಟೆ. ರಾತ್ರಿಯದನ್ನೂ ನಾನೇ ಇಡುತ್ತೇನೆ. ಹೆಚ್ಚೋ ಕಮ್ಮಿಯೋ ಆಗಿ ಹಾಲ್‌ನಲ್ಲಿ ಎಲ್ಲರೂ ಕೈ ನಿಲ್ಲಿಸಿದರೆ ನೀವು ಮಾತ್ರ ಕುರ್ಚಿಯಿಂದ ಏಳಬಾರದು. "ನನ್ನ ಕೈ ತಪ್ಪಿತು" ಎಂದು ಈ ಸಲ ನಾನೇ ಬಂದು ಹೇಳುತ್ತೇನೆ.

ನಿಮ್ಮ ಸೊಸೆ